ಬೇಡಪ್ಪನ ಅಳಲೆಕಾಯಿ

ಆ ದಿನ ಬೇಡಪ್ಪನ ಮಾತು ಸ್ಪಷ್ಟವಾಗಿತ್ತು. ಬೇರೆ ಯಾರ ವಿಷಯದಲ್ಲಾದರೂ ಇದು ಹೇಳಿಕೊಳ್ಳುವ ಸಂಗತಿಯಲ್ಲ. ಆದರೆ ಅವನ ಹೆಂಡತಿ ಮದುವೆಯಾಗಿ ಬಂದಂದಿನಿಂದ ಅವನ ಬಾಯಲ್ಲಿ ನೆಟ್ಟಗಿನ ಒಂದು ಮಾತು ಕೇಳಿದವಳಲ್ಲ. ಬೆಳಿಗ್ಗೆ ಮುಖ ತೊಳೆದ ಗಳಿಗೆಯಿಂದ ದೀಪ ಆರಿಸುವ ತನಕ ಅವನ ಎಡಗೆನ್ನೆಯೊಳಗೆ ಒಂದು ಚೂರು ಅಳಲೆಕಾಯಿ ಕೂತಿರುತ್ತಿತ್ತು. ಅದನ್ನು ಅವನು ಅಗಿಯುತ್ತಿರಲಿಲ್ಲ, ನುಂಗುತ್ತಿರಲಿಲ್ಲ. ಮನೆ ಖಾಲಿ ಮಾಡಲೊಪ್ಪದ ಬಾಡಿಗೆದಾರನ ಹಾಗೆ ಅದು ಅಲ್ಲೇ ಇರುತ್ತಿತ್ತು, ಮಾತುಗಳೆಲ್ಲ ಅದನ್ನು ಸುತ್ತಿ ಬಳಸಿ ಬಾಯಿಯ ಬಲಮೂಲೆಯಿಂದ ಒಂದೊಂದಾಗಿ ನುಸುಳಿ ಹೊರಗೆ ಬರಬೇಕಾಗಿತ್ತು. ಹೊಸಬರಿಗೆ ಅವನ ಮಾತು ತಿಳಿಯುತ್ತಿರಲಿಲ್ಲ. ಹಳಬರು ಮುಖ ನೋಡಿ ತಿಳಿದುಕೊಳ್ಳುತ್ತಿದ್ದರು.

ಆ ದಿನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಪಕ್ಕದ ಬೀಗ ರಿಪೇರಿಯವನನ್ನು ಕೂಗಿ, “ಏನಯ್ಯಾ, ನಿನ್ನ ಮನೆ ಬೀಗದ ಕೀ ನೀನೇ ಕಳ್ಕೊಂಡ್ಯಂತೆ?” ಎಂದಾಗ ಪ್ರತಿಯೊಂದು ಅಕ್ಷರವೂ ತೊಳೆದ ಲೋಟದ ಹಾಗಿತ್ತು. ಒಳಗೆ ಕಸ ಗುಡಿಸುತ್ತಿದ್ದ ಹೆಂಡತಿ ಪೊರಕೆ ನಿಲ್ಲಿಸಿದಳು.

“ಏನ್ರೀ, ಇವತ್ತು ರೇಡಿಯೋದವರ ಥರ ಮಾತಾಡ್ತಿದ್ದೀರಿ?”

“ಹಳೇ ರೇಡಿಯೋ ಕಣೇ. ಇವತ್ತು ಸ್ಟೇಷನ್ ಸಿಕ್ಕಿದೆ.”

ಅವಳು ನಕ್ಕು ಗುಡಿಸಿದಳು. ಉಳಿದಂತೆ ಆ ದಿನದಲ್ಲಿ ವಿಶೇಷವೇನಿರಲಿಲ್ಲ. ಅವನು ಸ್ಟೂಲಿನ ಅಲ್ಲಾಡುವ ಕಾಲಿಗೆ ಮೊಳೆ ಹೊಡೆದ. ಎದುರಿನ ದರ್ಜಿಯ ಜೊತೆ ಯಾವುದೋ ಕ್ಷುಲ್ಲಕ ವಿಷಯಕ್ಕೆ ಜಗಳವಾಡಿ, ಅವನದೇ ಚಹಾ ಕುಡಿದು ಬಂದ. ಬಂದ ಗಿರಾಕಿಗಳಲ್ಲಿ ಒಬ್ಬರಿಗೆ ಅಳಲೆಕಾಯಿ ಕೊಟ್ಟ, ಉಳಿದವರನ್ನು ವಾಪಸು ಕಳಿಸಿದ. ಉಂಡು ಮಲಗಿದ. ಮರುದಿನ ಬೆಳಿಗ್ಗೆ ಹಿತ್ತಲ ನಲ್ಲಿಯ ಹತ್ತಿರ ಮುಖ ತೊಳೆಯಲು ಬಗ್ಗಿದವನು ಮೇಲೇಳಲಿಲ್ಲ. ಮಧ್ಯಾಹ್ನದೊಳಗೆ ಆಸ್ಪತ್ರೆಯಲ್ಲಿ ಎಲ್ಲ ಮುಗಿಯಿತು.

ಅಲ್ಲಿಯ ಡಾಕ್ಟರು ಕೆಟ್ಟವರಲ್ಲ. ಕೈ ತೊಳೆಯುತ್ತ ಕೇಳಿದರು: “ಹೊಟ್ಟೇಲಿ ಗಡ್ಡೆ ಒಡೆದಿದೆಯಮ್ಮ. ಇದು ಇವತ್ತು ನಿನ್ನೆಯದಲ್ಲ. ಇವರಿಗಾದ್ರೂ ಗೊತ್ತಿರಲೇಬೇಕಲ್ಲ? ನಿಮಗೆ ಹೇಳಿರಲಿಲ್ವಾ?”

ಅವಳು ಅತ್ತಳು. ಎಲ್ಲರೂ ಅಳುತ್ತಾರೆ. ಆದರೆ ಅಳು ನಿಂತ ಮೇಲೂ ಡಾಕ್ಟರ ಮಾತು ನಿಲ್ಲಲಿಲ್ಲ. ಅವನಿಗೆ ಗೊತ್ತಿತ್ತೇ? ಗೊತ್ತಿದ್ದರೆ, ಒಂದೇ ಹಾಸಿಗೆಯಲ್ಲಿ ಮಲಗುವವಳಿಗೆ ಹೇಳದೆ ಹೋದ ಎಂದಾಯಿತು. ಗೊತ್ತಿರಲಿಲ್ಲವಾದರೆ, ಬೀದಿಯವರ ಹೊಟ್ಟೆಯನ್ನೆಲ್ಲ ಹೊರಗಿನಿಂದಲೇ ಓದುತ್ತಿದ್ದ ಮನುಷ್ಯ ತನ್ನ ಹೊಟ್ಟೆಯ ಮಟ್ಟಿಗೆ ಕುರುಡನಾಗಿದ್ದ ಎಂದಾಯಿತು. ಎರಡರಲ್ಲಿ ಯಾವುದನ್ನು ಕೊಟ್ಟರೂ ತೆಗೆದುಕೊಳ್ಳಲು ಅವಳು ತಯಾರಿದ್ದಳು. ಯಾವುದು ಎಂಬುದು ತಿಳಿಯಬೇಕಾಗಿತ್ತು, ಅಷ್ಟೆ.

ಬೇಡಪ್ಪ ಅವನ ಹೆಸರಲ್ಲ. ಬೀದಿ ಇಟ್ಟ ಹೆಸರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದೆ ಒಂದು ಪರದೆ. ಪರದೆಯ ಆಚೆ ಸಂಸಾರ. ಅಂಗಡಿಯಲ್ಲಿದ್ದದ್ದು ಒಂದೇ ಸರಕು, ಅಳಲೆಕಾಯಿ. ಗೋಡೆಯ ಹಲಗೆಯ ಮೇಲೆ ನಾಲ್ಕು ದೊಡ್ಡ ಗಾಜಿನ ಜಾಡಿ. ಒಂದರಲ್ಲಿ ಬರೀ ಚೂರು, ಇನ್ನೊಂದರಲ್ಲಿ ಕುಟ್ಟಿ ಬಟ್ಟೆಯಲ್ಲಿ ಸೋಸಿದ ಪುಡಿ, ಮೂರನೆಯದರಲ್ಲಿ ಹಬೆಯಲ್ಲಿ ಬೇಯಿಸಿ ಒಣಗಿಸಿದ್ದು, ನಾಲ್ಕನೆಯದರಲ್ಲಿ ಹುರಿದದ್ದು. ಒಂದೇ ಮರದ ಒಂದೇ ಕಾಯಿ. ಅಗಿದು ತಿಂದರೆ ಹಸಿವನ್ನು ಎಬ್ಬಿಸುತ್ತದೆ, ಪುಡಿ ಮಾಡಿ ಬಿಸಿನೀರಲ್ಲಿ ಕುಡಿದರೆ ಹೊಟ್ಟೆಯನ್ನು ಗುಡಿಸಿ ತೆಗೆಯುತ್ತದೆ, ಬೇಯಿಸಿದ್ದು ಅದೇ ಹೊಟ್ಟೆಯನ್ನು ಕಟ್ಟಿ ನಿಲ್ಲಿಸುತ್ತದೆ, ಹುರಿದದ್ದು ವಾತ ಪಿತ್ತ ಕಫ ಮೂರನ್ನೂ ಕೂರಿಸಿ ರಾಜಿ ಮಾಡಿಸುತ್ತದೆ ಎಂದು ಅವನು ವಿವರಿಸುವಾಗ, ಕೆನ್ನೆಯ ಚೂರನ್ನು ಒಂದು ಕ್ಷಣ ಬಲಕ್ಕೆ ಸರಿಸಿಕೊಳ್ಳುತ್ತಿದ್ದ. ಅಷ್ಟು ಗೌರವವನ್ನು ಅವನು ಬೇರೆ ಯಾವ ಮಾತಿಗೂ ಕೊಟ್ಟವನಲ್ಲ.

“ಉಪ್ಪೊಂದು ಬಿಟ್ಟು ಎಲ್ಲಾ ರುಚೀನೂ ಇದರಲ್ಲಿದೆ ಕಣೇ,” ಎಂದಿದ್ದ ಹೊಸತರಲ್ಲಿ.

“ಅದಕ್ಕೇ ನನ್ನ ಕಟ್ಕೊಂಡ್ರಿ,” ಎಂದಿದ್ದಳು ಅವಳು.

ಇಷ್ಟೆಲ್ಲ ಸಿದ್ಧಮಾಡಿ ಇಟ್ಟುಕೊಂಡು ಅವನು ಮಾರುತ್ತಿದ್ದನೋ ಎಂದರೆ, ಇಲ್ಲ. ಬಂದವರಲ್ಲಿ ಅರ್ಧ ಜನ ಬರಿಗೈಯಲ್ಲಿ ಹೋಗುತ್ತಿದ್ದರು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವನ ನೋಟ ಆರಂಭವಾಗುತ್ತಿತ್ತು. ಮೊದಲು ಪಾದ, ಆಮೇಲೆ ಹೊಟ್ಟೆ, ಆಮೇಲೆ ತುಟಿ, ಕಟ್ಟಕಡೆಗೆ ಕಣ್ಣು. ಕಣ್ಣಿನ ಹತ್ತಿರ ಬರುವಷ್ಟರಲ್ಲಿ ತೀರ್ಪು ಬರೆದಾಗಿರುತ್ತಿತ್ತು. “ಅದಿರಲಿ,” ಎಂದು ಶುರುಮಾಡುತ್ತಿದ್ದ. ಗಿರಾಕಿ ಏನೇ ಹೇಳಿದರೂ ಅದಕ್ಕೆ ಉತ್ತರ ಅದೇ.

“ಒಂದು ಪೊಟ್ಟಣ ಪುಡಿ ಕೊಡಿ ಸ್ವಾಮಿ.”

“ಅದಿರಲಿ, ಎಲ್ಲಿಂದ ಬರೋಣಾಯ್ತು?”

“ದೂರ. ರಾತ್ರಿಯಿಡೀ ಬಸ್ಸಲ್ಲಿ ಕೂತು ಬಂದೆ.”

“ಹಾಗಾದ್ರೆ ಬೇಡಪ್ಪ. ದಣಿದ ಮೈಗೆ ಇದು ಆಗಲ್ಲ. ಉಂಡು, ಮಲಗಿ, ನಾಳೆ ಬನ್ನಿ.”

“ನಾಳೆ ನಾನು ಈ ಊರಲ್ಲೇ ಇರಲ್ಲ.”

“ಇನ್ನೂ ಒಳ್ಳೇದಾಯ್ತು.”

ದಣಿದವರಿಗಿಲ್ಲ, ಉಪವಾಸವಿದ್ದವರಿಗಿಲ್ಲ, ಬಡಕಲು ಮೈಯವರಿಗಿಲ್ಲ, ರಕ್ತ ಕಳೆದುಕೊಂಡವರಿಗಿಲ್ಲ, ಬಸುರಿಯರಿಗಂತೂ ಪ್ರಪಂಚ ಮುಳುಗಿದರೂ ಇಲ್ಲ. “ನೀವಿಟ್ಟಿರೋದು ಮದ್ದಿನ ಅಂಗಡಿಯೋ ಕೋರ್ಟೋ?” ಎಂದು ಹೆಂಡತಿ ಪರದೆಯ ಹಿಂದಿನಿಂದ ಕೇಳಿದರೆ, “ಎರಡೂ ಒಂದೇ. ಇಲ್ಲಿ ವಕೀಲರ ಕಾಟ ಇಲ್ಲ,” ಎನ್ನುತ್ತಿದ್ದ.

ಈ ಭಯಭಕ್ತಿ ಅವನಿಗೆ ಬಂದದ್ದು ಮದ್ದಿನ ದಾರಿಯಿಂದಲ್ಲ, ಚರ್ಮದ ದಾರಿಯಿಂದ. ಅವಳು ಮದುವೆಯಾಗಿ ಬಂದಾಗ ಅವನು ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿದ್ದ. ಅಳಲೆಕಾಯಿ ಅಲ್ಲಿಗೆ ಲಾರಿಯಲ್ಲಿ ಬರುತ್ತಿತ್ತು, ಮೂಟೆಗಟ್ಟಲೆ. ಅದನ್ನು ಜಜ್ಜಿ ಹೊಂಡದ ನೀರಿಗೆ ಸುರಿದು, ಹಸಿ ಚರ್ಮಗಳನ್ನು ಅದರೊಳಗೆ ಮುಳುಗಿಸಿಟ್ಟರೆ, ಇಂದೋ ನಾಳೆಯೋ ಕೊಳೆತು ಹೋಗಬೇಕಾದದ್ದು ಬಿಗಿಯಾಗಿ, ಕಂದುಬಣ್ಣಕ್ಕೆ ತಿರುಗಿ, ಇನ್ನು ಕೊಳೆಯಲಾರದ ವಸ್ತುವಾಗಿ ಮೇಲೆ ಬರುತ್ತಿತ್ತು. ಅವನ ಬೆರಳುಗಳು ಆ ನೀರಿನಲ್ಲಿ ಮಸಿಯ ಬಣ್ಣಕ್ಕೆ ತಿರುಗಿದ್ದವು. ಯಾವ ಸಾಬೂನಿಗೂ ಬಗ್ಗಲಿಲ್ಲ. ಕೊನೆಯ ದಿನ ಆಸ್ಪತ್ರೆಯ ನರ್ಸು ಅದನ್ನು ಕೊಳೆ ಎಂದುಕೊಂಡು ಹತ್ತಿಯಿಂದ ಉಜ್ಜಿ ನೋಡಿದಳು.

ಕಾರ್ಖಾನೆಯ ಸುಣ್ಣದ ಗಾಳಿಗೆ ಎಲ್ಲರ ಬಾಯಲ್ಲೂ ಹುಣ್ಣು. ಕಾಯಿ ಕುದಿಸಿದ ನೀರಲ್ಲಿ ಬಾಯಿ ಮುಕ್ಕಳಿಸು, ಕೆಮ್ಮಿಗೆ ಒಂದು ಚೂರು ಕೆನ್ನೆಯಲ್ಲಿಟ್ಟುಕೋ ಎಂದು ಅಲ್ಲಿಯ ಹಿರಿಯ ಮೇಸ್ತ್ರಿ ಕಲಿಸಿದ್ದ. ಕೆನ್ನೆಯ ಬಾಡಿಗೆದಾರ ಬಂದದ್ದು ಆಗ. ಕಾರ್ಖಾನೆ ಮುಚ್ಚಿದಾಗ ಉಳಿದವರು ಇನ್ನೊಂದು ಕಾರ್ಖಾನೆ ಹುಡುಕಿಕೊಂಡು ಹೋದರು. ಇವನು ಕಾಯಿಯ ಹಿಂದೆ ಹೋದ. ಒಬ್ಬ ಮುದಿ ವೈದ್ಯರ ಮನೆಯಲ್ಲಿ ಕುಟ್ಟುವ, ಸೋಸುವ ಕೆಲಸಕ್ಕೆ ಸೇರಿ, ಅವರು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಅವರು ತೀರಿಕೊಂಡ ಮೇಲೆ ಮುಂದಿನ ಕೋಣೆಗೆ ಹಲಗೆ ಹೊಡೆದ. ವೈದ್ಯರು ಏನೇನು ಕಲಿಸಿದ್ದರೋ, ಹೊಂಡದಲ್ಲಿ ಕಂಡದ್ದನ್ನು ಅವನು ಮರೆತಿರಲಿಲ್ಲ. “ಎಮ್ಮೆ ಚರ್ಮಾನೇ ಬಿಗಿ ಹಿಡಿಯೋ ಕಾಯಿ ಇದು. ಪಾಪದವರ ಹೊಟ್ಟೇಲೂ ಚರ್ಮಾನೇ ತಾನೇ ಇರೋದು?” ಎನ್ನುತ್ತಿದ್ದ. ಮದ್ದು ಎಂದು ನಂಬಿದವರು ಧಾರಾಳವಾಗಿ ಕೊಡುತ್ತಾರೆ. ಅದರ ಬಲ ಎಷ್ಟೆಂದು ಕಣ್ಣಾರೆ ಕಂಡವನ ಕೈ ಹಿಂದೆಗೆಯುತ್ತದೆ.

ಅವನ ಕೋಟಿನ ವಿಷಯ ಹೇಳಲೇಬೇಕು. ಕಂದು ಬಣ್ಣದ ದಪ್ಪ ಕೋಟು. ಸೆಕೆಯಿರಲಿ, ಚಳಿಯಿರಲಿ, ಅಂಗಡಿಯಲ್ಲಿ ಕೂತಾಗ ಅದು ಮೈಮೇಲೆ. ಬಲಜೇಬಿನಲ್ಲಿ ಯಾವಾಗಲೂ ಇಡೀ ಕಾಯಿಗಳು, ಹಿಡಿಗಟ್ಟಲೆ. ಅದರ ಭಾರಕ್ಕೆ ಜೇಬು ಜೋತು, ಜೇಬಿನ ಭಾರಕ್ಕೆ ಕೋಟು ಜೋತು, ಕೋಟಿನ ಭಾರಕ್ಕೆ ಅವನ ಬಲಭುಜ ಇಳಿದು, ಅವನು ಬೀದಿಯಲ್ಲಿ ನಡೆದರೆ ಕಾಣದ ಯಾವುದೋ ಗೋಡೆಗೆ ಒರಗಿಕೊಂಡು ನಡೆದ ಹಾಗೆ ಕಾಣುತ್ತಿತ್ತು. ದರ್ಜಿ ಆ ಜೇಬಿಗೆ ಚರ್ಮದ ತೇಪೆ ಹಾಕಿಕೊಟ್ಟಿದ್ದ. “ಈ ಕೋಟಿಗೆ ನಾನು ಹಾಕಿದ ದಾರದಲ್ಲಿ ಹೊಸ ಕೋಟೇ ಹೊಲೀಬಹುದಿತ್ತು,” ಎಂದು ಬೈಯುತ್ತಿದ್ದ. ಅವರಿಬ್ಬರ ಸ್ನೇಹ ಬೈಗುಳದಲ್ಲೇ ನಡೆಯುತ್ತಿತ್ತು.

ಬೆಳಿಗ್ಗೆ ಎದ್ದು ತನ್ನ ಚೂರನ್ನು ಕೆನ್ನೆಗೆ ಸೇರಿಸುವ ಮೊದಲು ಅವನು ಹೆಂಡತಿಯ ಅಂಗೈಗೆ ಅವಳ ಪಾಲು ಹಾಕುತ್ತಿದ್ದ. ಮಳೆ ಹಿಡಿದರೆ ಉಪ್ಪು ಸೇರಿಸಿ, ಮಳೆ ಬಿಟ್ಟರೆ ಸಕ್ಕರೆ ಸೇರಿಸಿ, ಚಳಿಗೆ ಒಣಶುಂಠಿ, ಚಳಿ ಜೋರಾದರೆ ಹಿಪ್ಪಲಿ, ಚಿಗುರಿನ ಕಾಲಕ್ಕೆ ಜೇನು, ಬಿಸಿಲಿಗೆ ಬೆಲ್ಲ. ಹೊರಗೆ ಹವೆ ಹೇಗಿದೆ ಎಂದು ತಿಳಿಯಲು ಅವಳಿಗೆ ಕಿಟಕಿ ಬೇಕಿರಲಿಲ್ಲ, ನಾಲಿಗೆ ಸಾಕಾಗಿತ್ತು. ಒಂದು ಬೆಳಿಗ್ಗೆ ಅವಳು ಕೈ ಚಾಚಿದರೆ ಅಂಗೈ ಖಾಲಿಯೇ ಉಳಿಯಿತು.

“ನನ್ನದೆಲ್ರೀ?”

“ನಿನಗೆ ಬೇಡ.”

“ಗಿರಾಕಿಗಳಿಗೆ ಮಾಡೋ ಹುಚ್ಚಾಟ ಮನೆಯೊಳಗೂ ಬಂತಾ?”

“ಹೆರಿಗೆ ಆಗೋವರೆಗೂ ಬೇಡ ಕಣೇ.”

ಅವಳಿಗೇ ಇನ್ನೂ ಗೊತ್ತಿರಲಿಲ್ಲ. ಅನುಮಾನಪಡುವಷ್ಟು ದಿನವೂ ಆಗಿರಲಿಲ್ಲ. ಅವನು ಮಾತ್ರ ಗಿರಾಕಿ ಮೆಟ್ಟಿಲು ಹತ್ತುವುದನ್ನು ನೋಡುವಂತೆ, ಅವಳು ಬಾವಿಕಟ್ಟೆಯಿಂದ ಕೊಡ ಹೊತ್ತು ಬರುವುದನ್ನು ನೋಡಿ ತೀರ್ಪು ಕೊಟ್ಟುಬಿಟ್ಟಿದ್ದ. ಮಗಳು ಹುಟ್ಟಿದಳು. ಬೇರೆಯವರ ಗಂಡಂದಿರು ಸಂತೋಷವಾದರೆ ಏನಾದರೂ ತಂದುಕೊಡುತ್ತಾರೆ. ಇವನು ಕೊಡುತ್ತಿದ್ದದ್ದನ್ನು ನಿಲ್ಲಿಸಿದ. ಅದೇ ಅವನ ಸಂಭ್ರಮ.

ಆ ಗೆಲುವು ಅವನ ತಲೆಗೇರಿತ್ತು ಎಂಬುದಕ್ಕೆ ಇಸ್ತ್ರಿ ಅಂಗಡಿಯವಳೇ ಸಾಕ್ಷಿ. ಅವಳು ಮದುವೆಯಾಗದವಳು, ಗಟ್ಟಿ ಗಂಟಲಿನವಳು, ದಿನವಿಡೀ ನಿಂತು ಬಟ್ಟೆ ಒತ್ತುವವಳು. ಒಂದು ಸಂಜೆ, ಬೀದಿ ತುಂಬಿರುವ ಹೊತ್ತಿನಲ್ಲಿ, ಪುಡಿ ಬೇಕೆಂದು ಬಂದಳು. ಮೆಲ್ಲಗೆ ಮೆಟ್ಟಿಲು ಹತ್ತಿದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಹೊಟ್ಟೆ ಮುಂದೆ ಬಂದಿತ್ತು. ಬೇಡಪ್ಪ ಕಣ್ಣಿನ ತನಕ ಹೋಗಲೇ ಇಲ್ಲ.

“ನಿನಗೀಗ ಬೇಡಮ್ಮ. ಹೆರಿಗೆ ಆದ್ಮೇಲೆ ಬಾ.”

“ಏನಂದೆ? ಯಾರ ಹೆರಿಗೆ?”

ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಸ್ವೆಟರಿನೊಳಗೆ ಕೈ ಹಾಕಿ, ಅಡ್ಡಕ್ಕೆ ಕಟ್ಟಿಕೊಂಡಿದ್ದ ಬಿಸಿನೀರಿನ ರಬ್ಬರ್ ಚೀಲವನ್ನು ಕಿತ್ತು ಹಲಗೆಯ ಮೇಲೆ ಕುಕ್ಕಿದಳು. “ಹುಟ್ಟಿತು ನೋಡು! ಹೆಸರಿಡು ಈಗ!” ಎಂದು ಹೋದಳು. ಆದರೆ ಚೀಲ ಕಂಡವರು ಕೆಲವರು, ಬರೀ ಮಾತು ಕೇಳಿದವರು ಬಹಳ. ಬೆಳಗಾಗುವುದರಲ್ಲಿ ಮಾತು ಬೀದಿಯ ಆ ತುದಿ ಮುಟ್ಟಿತ್ತು, ಮುಟ್ಟುವಾಗ ಗಂಡಸಿನ ಹೆಸರನ್ನೂ ಸೇರಿಸಿಕೊಂಡಿತ್ತು.

ಬೇಡಪ್ಪ ಕ್ಷಮೆ ಕೇಳುವ ಜಾತಿಯವನಲ್ಲ. ಮರುದಿನ ಸಂಜೆ, ಅದೇ ಹೊತ್ತಿಗೆ, ಪುಡಿಯ ಜಾಡಿಯನ್ನೇ ಎದೆಗವಚಿಕೊಂಡು ಇಸ್ತ್ರಿ ಅಂಗಡಿಯ ಮುಂದೆ ಹೋಗಿ ನಿಂತು, ಕೆನ್ನೆಯ ಚೂರನ್ನು ಕೈಗೆ ತೆಗೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಬಸುರಿಗೆ ನಾನು ಅಳಲೆಕಾಯಿ ಕೊಡಲ್ಲ ಅಂತ ಈ ಬೀದಿಗೆ ಗೊತ್ತು. ಇವಳಿಗೆ ಕೊಡ್ತಿದ್ದೀನಿ. ಎಲ್ಲರೂ ನೋಡ್ಕೊಳ್ಳಿ.”

ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಆ ಬೀದಿಯಲ್ಲಿ ಇರಲಿಲ್ಲ. ಮಾತು ಅಲ್ಲಿಗೆ ನಿಂತಿತು. ಇಸ್ತ್ರಿಯವಳು ಪೊಟ್ಟಣ ಇಸಿದುಕೊಂಡು, “ಸಮಾಧಾನ ಆಯ್ತಾ? ನಿನ್ನೆ ನಾನು ಬಸುರಿ ಅಂತ ಸಾರಿದೆ, ಇವತ್ತು ನನಗೆ ಮಲಬದ್ಧತೆ ಅಂತ ಸಾರಿದೆ. ನಾಳೆ ಏನು ಸಾರ್ತೀಯೋ ಈಗ್ಲೇ ಹೇಳು, ಊರು ಬಿಡ್ತೀನಿ,” ಎಂದಳು. ಬೇಡಪ್ಪ ಬಂದ ದಾರಿಯಲ್ಲೇ ಭುಜ ಇಳಿಸಿಕೊಂಡು ನಡೆದ. ಆಮೇಲೆ ಅವಳು ಇವರ ಮನೆಗೆ ತಂಗಿಯ ಹಾಗಾದಳು.

ಅವನು ಹೋದ ಮೇಲೆ ಮೊದಲು ಸಾಕ್ಷಿ ನುಡಿದವಳೂ ಅವಳೇ. “ನನ್ನ ಹೊಟ್ಟೆ ನೋಡಿ ಮೋಸ ಹೋದೋನು, ತನ್ನ ಹೊಟ್ಟೆ ನೋಡಿ ಮೋಸ ಹೋಗಿರಲ್ವೇನಕ್ಕಾ? ಗೊತ್ತಿರಲಿಲ್ಲ ಬಿಡು. ಗೊತ್ತಿದ್ದಿದ್ರೆ ಒಂದು ಡಬ್ಬಿ ಎದೆಗವಚ್ಕೊಂಡು ಬೀದೀಲಿ ನಿಂತು ಸಾರೋನು.” ಮಗಳೂ ಅದನ್ನೇ ಹೇಳಿದಳು. ಮಗಳು ನಾಲ್ಕು ಬೀದಿ ಆಚೆ ಇದ್ದಾಳೆ, ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ಕೆಲಸ. “ಅಪ್ಪಂಗೆ ಗೊತ್ತಿದ್ರೆ ನನಗೆ ಹೇಳ್ತಿದ್ರಮ್ಮ. ನನ್ನ ಹತ್ರ ಅವರಿಗೆ ಸುಳ್ಳು ಹೇಳೋಕೇ ಬರ್ತಿರಲಿಲ್ಲ.”

“ಸುಳ್ಳು ಹೇಳೋದಕ್ಕೂ ಹೇಳದೇ ಇರೋದಕ್ಕೂ ವ್ಯತ್ಯಾಸ ಇದೆ,” ಎಂದಳು ತಾಯಿ.

ಅವಳ ತಲೆಯಲ್ಲಿದ್ದದ್ದು ಆ ಸ್ಪಷ್ಟವಾದ ಮಾತು. ಕೆನ್ನೆ ಖಾಲಿಯಿದ್ದರಲ್ಲವೇ ಮಾತು ಸ್ಪಷ್ಟವಾಗುವುದು? ಬೀಗದವನನ್ನು ಕೇಳಿದರೆ, “ಅವತ್ತೊಂದಿನ ಅಲ್ಲಕ್ಕಾ, ಸ್ವಲ್ಪ ದಿನದಿಂದ್ಲೂ ಬೀದಿಗೆ ಬಂದಾಗ ಹಾಗೇ ಇತ್ತು. ಹಲ್ಲು ನೋವೇನೋ ಅಂದ್ಕೊಂಡೆ,” ಎಂದ. ಅವಳ ಅಂಗೈಗೆ ಮಾತ್ರ ಬೆಲ್ಲ ಸೇರಿಸಿದ ಪಾಲು ತಪ್ಪದೆ ಬೀಳುತ್ತಿತ್ತು. ತನ್ನದನ್ನು ಅವನು ನಿಲ್ಲಿಸಿದ್ದ. ಬಡಕಲು ಮೈಗೆ ಇಲ್ಲ, ರಕ್ತ ಹೋದವರಿಗೆ ಇಲ್ಲ. ಯಾರಿಗೆ ಏನನ್ನು ನಿಲ್ಲಿಸುವಾಗಲೂ ಅವನು ತಿಳಿದೇ ನಿಲ್ಲಿಸುತ್ತಿದ್ದ; ಅವಳ ಹೊಟ್ಟೆಯಲ್ಲಿ ಮಗಳಿದ್ದಾಗಲೂ ಹಾಗೇ. ಆದರೆ ಅವನು ಬಡಕಲಾದದ್ದನ್ನು ಅವಳು ಕಂಡಿರಲಿಲ್ಲವಲ್ಲ? ಪರದೆಯ ಹಿಂದೆ ಕೂತು ಕೂತು ಅವಳಿಗೂ ಆ ನೋಟ ಹಿಡಿದಿತ್ತು. ಮೆಟ್ಟಿಲು ಹತ್ತುವವರ ಹೆಜ್ಜೆ ಕೇಳಿಯೇ ‘ಇವರಿಗಿಲ್ಲ’ ಎಂದು ಮನಸ್ಸಿನಲ್ಲಿ ಅಂದುಕೊಂಡರೆ, ಆಚೆಯಿಂದ “ಬೇಡಪ್ಪ” ಎನ್ನುವುದು ಕೇಳಿಸುತ್ತಿತ್ತು. ಇದನ್ನು ಅವಳು ಅವನಿಗೆ ಹೇಳಿರಲಿಲ್ಲ. ಹೇಳಿದರೆ ನಗುತ್ತಾನೆ ಎಂದು ಸುಮ್ಮನಿದ್ದಳು. ಹೀಗಿರುವಾಗ ದಿನಾ ಕಣ್ಣೆದುರಿಗಿದ್ದ ಮೈ ಇಳಿದದ್ದು ತಪ್ಪಿಹೋಗುವುದು ಹೇಗೆ?

ಹಾಗಾಗಿ, ಮೈ ಇಳಿದೇ ಇರಲಿಲ್ಲ, ಅವನಿಗೂ ಗೊತ್ತಿರಲಿಲ್ಲ ಎಂಬ ಕಡೆಗೇ ಅವಳು ವಾಲತೊಡಗಿದ್ದಳು. ತೆರೆದ ಗೂಡಿನಲ್ಲಿ ಚಳಿಗೆ ನಡುಗುತ್ತ ಕೂರುವ ಬೀಗದವನು, “ಆ ಕೋಟು ಸುಮ್ನೆ ಗೋಡೆಗೆ ನೇತಾಡ್ತಿದೆಯಲ್ಲಕ್ಕಾ,” ಎಂದು ಕೇಳಿದಾಗ, ಇದ್ದವರಿಗೆ ಉಪಯೋಗಕ್ಕೆ ಬರಲಿ ಎಂದು ಜೇಬು ಖಾಲಿ ಮಾಡಿ, ಒಗೆದು, ಒಣಗಿಸಿ, ಎದುರಿನ ದರ್ಜಿಯ ಹತ್ತಿರ ಒಯ್ದಳು. ಬೀಗದವನದು ಅಗಲ ಮೈ.

“ಪಕ್ಕ ಸ್ವಲ್ಪ ಬಿಡಿಸಿ ಕೊಡಣ್ಣ.”

ದರ್ಜಿ ಕೋಟು ತೆಗೆದುಕೊಂಡ. ಮೇಜಿನ ಮೇಲೆ ಹರಡಿದ. ಒಳಮಗ್ಗುಲು ತಿರುಗಿಸಲಿಲ್ಲ. ಅದರ ಮೇಲೆ ಕೈ ಇಟ್ಟುಕೊಂಡು ನಿಂತ. ಬೈಗುಳವಿಲ್ಲದೆ ಅವನು ಆ ಕೋಟನ್ನು ಮುಟ್ಟಿದ್ದನ್ನು ಅವಳು ನೋಡಿದ್ದೇ ಇಲ್ಲ.

“ನಾಳೆ ಬಾ ಅಕ್ಕ. ಈಗ ಕೆಲಸ ಇದೆ.”

“ಏನು ಕೆಲಸ? ಮಿಷನ್ ಮೇಲೆ ಬಟ್ಟೇನೇ ಇಲ್ಲ. ಬಿಚ್ಚು.”

ಅವನು ಬಿಚ್ಚಲಿಲ್ಲ. ಅವಳೇ ಕೋಟನ್ನು ತಿರುಗಿಸಿ ಒಳಮೈ ಹೊರಗೆ ಮಾಡಿದಳು. ಎರಡೂ ಪಕ್ಕದಲ್ಲಿ ಬಟ್ಟೆಯನ್ನು ಒಳಕ್ಕೆ ಮಡಚಿ ಹೊಲಿದಿತ್ತು. ಒಂದು ಹೊಲಿಗೆ, ಅದರ ಈಚೆಗೆ, ಇನ್ನೂ ಬಿಗಿಯಾಗಿ, ಇನ್ನೊಂದು ಹೊಲಿಗೆ. ಬೆನ್ನಿನ ನಡುವೆಯೂ ಒಂದು. ದಾರ ಹೊಸದು. ಮಡಿಕೆಯೊಳಗೆ ಅಡಗಿದ್ದ ಬಟ್ಟೆಗೆ ಬಿಸಿಲು ತಾಗಿರಲಿಲ್ಲ. ಕೊಂಡ ದಿನದ ಕಂದು ಬಣ್ಣ ಅಲ್ಲಿ ಹಾಗೇ ಇತ್ತು.

“ಎರಡು ಸಲ ಹಿಡಿದೆ ಅಕ್ಕಾ,” ಎಂದ ದರ್ಜಿ. “ಅಂಗಿಗಳನ್ನೂ.”

ಅವಳು ಸ್ಟೂಲಿನ ಮೇಲೆ ಕೂತಳು.

“ಯಾವಾಗಿಂದ?”

“ಚಳಿ ಹೋದಾಗಿಂದ. ಒಂದಿನ ಬಂದು, ಕೋಟು ದೊಡ್ಡದಾಗಿದೆ ಕಣೋ ಅಂದ. ಕೋಟು ಯಾಕೆ ದೊಡ್ಡದಾಗತ್ತೆ, ನೀನು ಸಣ್ಣಗಾಗಿದ್ದೀಯ, ಮೊದ್ಲು ಆಸ್ಪತ್ರೆಗೆ ಹೋಗು ಅಂತ ಬೈದೆ. ಹೋಗಿ ಬಂದೇ ನಿನ್ನ ಹತ್ರ ಬಂದಿದ್ದೀನಿ ಅಂದ.”

“ಏನಂದ್ರಂತೆ ಅಲ್ಲಿ?”

ದರ್ಜಿ ಸೂಜಿಡಬ್ಬಿಯ ಮುಚ್ಚಳ ತೆಗೆದ, ಹಾಕಿದ. “ಕೊಯ್ಯೋ ಕಾಲ ಮೀರಿದೆ, ಕೊಯ್ಯೋದು ಬೇಡ ಅಂದ್ರಂತೆ. ಅದನ್ನೂ ನಗ್ತಾನೇ ಹೇಳ್ದ. ‘ಅಲ್ಲೂ ಒಬ್ಬ ಬೇಡಪ್ಪ ಇದ್ದಾನೆ ಕಣೋ’ ಅಂದ.”

ಅವಳ ಬಾಯಿಂದ ನಗೆ ಬಂದುಬಿಟ್ಟಿತು. ಬಂದದ್ದಕ್ಕೆ ಅವಳೇನೂ ನಾಚಿಕೊಳ್ಳಲಿಲ್ಲ.

“ನನಗೆ ಯಾಕೆ ಹೇಳಲಿಲ್ಲ?”

“ನಾನೂ ಕೇಳ್ದೆ. ಅದಿರಲಿ, ಮೊದ್ಲು ಹೊಲಿ ಅಂದ. ಹೆಂಡತಿಗೆ ಹೇಳದೇ ಇರೋಕೆ ಕೋಟು ಯಾಕೋ ಹಿಡಿಸ್ಬೇಕು, ಬಾಯಿ ಮುಚ್ಕೊಂಡಿದ್ರೆ ಸಾಲದಾ ಅಂದೆ. ‘ಸಾಲದು ಕಣೋ. ಅವಳಿಗೆ ನೋಡೋಕೆ ಬರತ್ತೆ. ಪರದೆ ಹಿಂದೆ ಕೂತು ನನಗಿಂತ ಮೊದ್ಲೇ ತೀರ್ಪು ಕೊಡ್ತಾಳೆ’ ಅಂದ.”

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅವಳು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಸಣ್ಣ ಹೊಲಿಗೆ, ಒಂದೇ ಸಮ.

“ಚೆನ್ನಾಗಿ ಹೊಲಿದಿದ್ದೀಯ,” ಎಂದಳು. “ಗೊತ್ತೇ ಆಗಲಿಲ್ಲ.”

“ಬೈದುಬಿಡು ಅಕ್ಕಾ.”

“ನಿನ್ನನ್ನ ಬೈದು ಏನು ಬಂತು? ಬಿಚ್ಚು. ಬೀಗದೋನು ಕಾಯ್ತಿದ್ದಾನೆ.”

ಅವನು ಒಂದೊಂದೇ ಹೊಲಿಗೆಯನ್ನು ಬ್ಲೇಡಿನಿಂದ ಕತ್ತರಿಸಿ ದಾರ ಎಳೆದ. ಕೊನೆಯ ದಾರ ಬರುವ ತನಕ ಅವಳು ಅಲ್ಲೇ ಕೂತಿದ್ದಳು. ಆ ಕೋಟು ಈಗ ಬೀಗದವನ ಮೈಮೇಲಿದೆ. ಎರಡು ಪಕ್ಕದಲ್ಲೂ ಕಡುಕಂದು ಪಟ್ಟಿ ಎದ್ದು ಕಾಣುತ್ತದೆ. ಜೇಬಿನಲ್ಲಿ ಅವನು ಕೀಗಳನ್ನು ಹಾಕಿಕೊಳ್ಳುತ್ತಾನೆ.

ಸಂಜೆ ಮಗಳು ಬಂದಾಗ ಅವಳು ಸುತ್ತಿ ಬಳಸಲಿಲ್ಲ. ಸುತ್ತಿ ಬಳಸುವವರ ಜೊತೆ ಬಾಳಿದ್ದು ಸಾಕಾಗಿತ್ತು.

“ನಿಮ್ಮಪ್ಪಂಗೆ ಗೊತ್ತಿತ್ತು. ಚಳಿ ಹೋದಾಗಿಂದ ಗೊತ್ತಿತ್ತು.”

ಮಗಳು ಕೂತಳು, ಎದ್ದಳು, ಮತ್ತೆ ಕೂತಳು. “ಯಾಕಮ್ಮಾ? ಒಂದು ಮಾತು ಹೇಳಿದ್ರೆ ಏನಾಗ್ತಿತ್ತು? ಬೀದಿಯವರಿಗೆಲ್ಲ ಮುಖದ ಮೇಲೆ ಹೊಡೆದ ಹಾಗೆ ಹೇಳ್ತಿದ್ರಲ್ಲ?”

“ಬೀದಿಯವರು ಕೇಳಿಸ್ಕೊಂಡು ಮನೆಗೆ ಹೋಗ್ತಿದ್ರು. ನಾನು ಎಲ್ಲಿಗೆ ಹೋಗ್ಲಿ?”

ಮಗಳು ಅಳುತ್ತ ತಾಯಿಯ ಮುಖವನ್ನೇ ನೋಡಿದಳು. “ನಿನಗೆ ಸಿಟ್ಟಿಲ್ವಾ?”

“ಇದೆ. ಅಡುಗೆ ಆಗಿದೆ, ಊಟ ಮಾಡು.”

ಸಿಟ್ಟು ಇದ್ದದ್ದು ಹೌದು, ಈಗಲೂ ಇದೆ. ಅದರ ಪಕ್ಕದಲ್ಲೇ ಇನ್ನೊಂದು ಸಂಗತಿಯೂ ಬಂದು ಕೂತಿದೆ: ಇಡೀ ಊರಿನ ಕಣ್ಣಿಗೆ ಅಂಜದವನು ಇವಳ ಕಣ್ಣಿಗೆ ಅಂಜಿ ಅಂಗಿ ಬಿಗಿ ಮಾಡಿಸಿಕೊಂಡ. ಬದುಕಿರುವಾಗ ಅವನು ಅವಳಿಗೆ ಕೊಟ್ಟ ಹೊಗಳಿಕೆಗಳನ್ನು ನೆನೆದರೆ ಹೇಳಿಕೊಳ್ಳುವಂಥದು ಒಂದೂ ಇಲ್ಲ. ಇದೊಂದನ್ನು ದರ್ಜಿಯ ಹತ್ತಿರ ಇಟ್ಟು ಹೋಗಿದ್ದ. ಅಂಗಡಿಯನ್ನು ಅವಳು ಮುಚ್ಚಲಿಲ್ಲ. ಮುಚ್ಚುವವಳಿದ್ದಳು, ಆದರೆ ಮರುದಿನ ಪರದೆಯನ್ನು ಕಳಚಿ ಒಗೆಯಲು ಹಾಕಿ, ಹಲಗೆಯ ಹಿಂದೆ ಹೋಗಿ ಕೂತಳು. ಮೊದಲು ಬಂದ ಮನುಷ್ಯನಿಗೆ ಬೇಯಿಸಿದ್ದರಲ್ಲಿ ನಾಲ್ಕು ಚೂರು ಕೊಟ್ಟಳು. ಎರಡನೆಯವನು ಜಗಳಕ್ಕೆ ನಿಂತ. “ಆಯಪ್ಪ ಇದ್ದಾಗ್ಲೂ ಇದೇ ಗೋಳು, ಈಗ್ಲೂ ಇದೇ ಗೋಳಾ?” ಎಂದು ಬೈದುಕೊಂಡು ಹೋದ.

ನೋಡುವುದನ್ನೇ ಕಸುಬು ಮಾಡಿಕೊಂಡ ಜನ ಒಂದು ಬಗೆಯವರು. ಪರರ ನಡಿಗೆ, ಪರರ ನಾಲಿಗೆ, ಪರರ ಕಣ್ಣಂಚಿನ ಹಳದಿ ಇವರಿಂದ ತಪ್ಪಿಸಿಕೊಳ್ಳುವುದಿಲ್ಲ. ಕಂಡದ್ದನ್ನು ಹೇಳಲು ಇವರು ದಾಕ್ಷಿಣ್ಯಪಡುವುದೂ ಇಲ್ಲ. ಆದರೆ ತಾವು ನೋಡಿಸಿಕೊಳ್ಳಬೇಕಾಗಿ ಬಂದಾಗ ಹೊಸ ಮದುವಣಿಗಿತ್ತಿಗಿಂತ ಹೆಚ್ಚು ಸಂಕೋಚ. ಊರಿಗೆ ಕಟುವಾದವರು ಮನೆಗೆ ಮೃದುವಾಗುತ್ತಾರೆ, ಆ ಮೃದುತ್ವದಿಂದಲೇ ಮನೆಯವರನ್ನು ಗಾಯ ಮಾಡುತ್ತಾರೆ. ಅದು ಹೇಡಿತನವೋ ಅಂತಃಕರಣವೋ ಎಂದು ಬೇರೆ ಬೇರೆ ತೂಗಿ ಹೇಳುವ ತಕ್ಕಡಿ ಆ ಅಂಗಡಿಯಲ್ಲಂತೂ ಇಲ್ಲ. ಇಂಥವರನ್ನು ಕ್ಷಮಿಸುವುದಕ್ಕೂ ಆಗುವುದಿಲ್ಲ, ಅದರ ಅಗತ್ಯವೂ ಬೀಳುವುದಿಲ್ಲ. ಅವರು ಅರ್ಧಕ್ಕೆ ಬಿಟ್ಟುಹೋದ ಕೆಲಸ ಬೆಳಿಗ್ಗೆ ಎದುರಿಗೆ ಬಂದು ನಿಂತಿರುತ್ತದೆ.

ಈಗ ಅವಳು ಬೆಳಕಾಗುತ್ತಿದ್ದ ಹಾಗೆ ಎದ್ದು, ಹಿತ್ತಲ ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಆ ದಿನಕ್ಕೆ ಬೇಕಾಗುವಷ್ಟು ಕಾಯಿ ಒಡೆಯುತ್ತಾಳೆ. ಮೊದಲ ಏಟು ಮೆಲ್ಲಗೆ, ಕಾಯಿ ಕಲ್ಲಿನ ಮೇಲೆ ನಿಲ್ಲಬೇಕು, ಎರಡನೆಯದು ಜೋರಾಗಿ. ಮದ್ದಿಗೆ ಬರುವುದು ಮೇಲಿನ ಸಿಪ್ಪೆ. ಅದನ್ನು ಮೊರಕ್ಕೆ ಹಾಕುತ್ತಾಳೆ. ಒಳಗಿನ ಬೀಜ ಯಾವ ಜಾಡಿಗೂ ಸೇರುವುದಿಲ್ಲ, ಆದರೆ ಕೆಂಡದ ಹಾಗೆ ಉರಿಯುತ್ತದೆ. ಬಾಚಿ ಬಚ್ಚಲೊಲೆಗೆ ಹಾಕುತ್ತಾಳೆ. ಇಬ್ಬರ ಸ್ನಾನಕ್ಕೆ ಅದು ಸಾಲುತ್ತಿರಲಿಲ್ಲ, ಮೇಲಿಂದ ಸೌದೆ ಒಟ್ಟಬೇಕಾಗುತ್ತಿತ್ತು. ಈಗ ಸಾಕಾಗುತ್ತದೆ.